ಹೊಳೆಯುವ ಮೈ, ತುಕ್ಕು ಹಿಡಿದ ಬುಡ: ಹಳೆಯ ಕಾರಿನ ‘ಮೂಲ’ ಯಾವುದು?

ಕಾರ್ವೆಟ್ ಕಾರಿಗೆ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆಯೊಂದಿದೆ. ಅದು ಪೂರ್ತಿ ಬುಡವಿಲ್ಲದ ಮಾತಲ್ಲ. 1953ರಲ್ಲಿ ಶೆವ್ರೊಲೆ ಕಂಪನಿ ಈ ಅಮೆರಿಕನ್ ಸ್ಪೋರ್ಟ್ಸ್ ಕಾರನ್ನು ಹೊರತಂದಾಗಲೇ ಅದರ ಮೈ ತಗಡಿನದಾಗಿರಲಿಲ್ಲ, ಫೈಬರ್‌ಗ್ಲಾಸಿನದಾಗಿತ್ತು. ಆದರೆ 1963ರಿಂದ 1982ರವರೆಗಿನ ಎರಡು ತಲೆಮಾರಿನ ಕಾರ್ವೆಟ್‌ಗಳಲ್ಲಿ ಆ ಮೈಯೊಳಗೆ, ಮುಂದಿನ ಗಾಜು ಮತ್ತು ಬಾಗಿಲುಗಳ ಸುತ್ತ, ಉಕ್ಕಿನ ಚೌಕಟ್ಟೊಂದು ಅಡಗಿದೆ. ಬಲ್ಲವರು ಅದನ್ನು ‘ಬರ್ಡ್‌ಕೇಜ್’, ಹಕ್ಕಿಪಂಜರ, ಎಂದು ಕರೆಯುತ್ತಾರೆ. ಕಾರಿನ ಮೈ ಕೆಳಗಿನ ಉಕ್ಕಿನ ಚಾಸಿಯ ಮೇಲೆ ಕೂತು ಬೋಲ್ಟಿನಿಂದ ಬಿಗಿಗೊಳ್ಳುವ ಜಾಗಗಳೇ ಬಾಡಿ ಮೌಂಟ್‌ಗಳು. ಗಾಜಿನ ಅಂಚಿನಿಂದ ಸೋರಿದ ನೀರು ಕಂಬದೊಳಗೆ ಇಳಿದು, ಬುಡದಲ್ಲಿ ನಿಂತು, ವರ್ಷಗಟ್ಟಲೆ ಉಕ್ಕನ್ನು ತಿನ್ನುತ್ತದೆ. ಹೊರಗಿನ ಬಣ್ಣ ಮಾತ್ರ ಕನ್ನಡಿಯಂತೆ ಹೊಳೆಯುತ್ತಲೇ ಇರುತ್ತದೆ.

ಸಾಹಿತ್ಯದ ಓದುಗರಿಗೆ ಕಾರಿನ ಬುಡದ ಉಸಾಬರಿ ಏಕೆ? ಹಳೆಯ ಕಾರುಗಳ ಜೀರ್ಣೋದ್ಧಾರ ಇವತ್ತು ಕೈಕೆಲಸವಷ್ಟೇ ಆಗಿ ಉಳಿದಿಲ್ಲ, ಒಂದು ಕಥನ ಪ್ರಕಾರವೂ ಆಗಿದೆ. ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿದ್ದ ಕಾರು, ಅದನ್ನು ಕಂಡ ಪ್ರೇಮಿ, ವರ್ಷಗಳ ತಪಸ್ಸು, ಕೊನೆಗೆ ಬಿಸಿಲಲ್ಲಿ ಮಿನುಗುವ ಮೈ. ಅಹಲ್ಯೆಯ ಶಾಪವಿಮೋಚನೆಯಂಥ ಕಥೆ. ಈ ಕಥೆಯ ಕೊರತೆಯೆಂದರೆ ಅದರಲ್ಲಿ ‘ಮೊದಲು’ ಇದೆ, ‘ಆಮೇಲೆ’ ಇದೆ. ನಡುವಿನದು ಮಾತ್ರ ಇಲ್ಲ. ಮೌಂಟ್‌ಗಳ ದುರಸ್ತಿ ನಡೆಯುವುದು ಆ ನಡುವಿನಲ್ಲಿ.

ಅಲ್ಲಿ ಏನಾಗುತ್ತದೆ ನೋಡೋಣ. ತುಕ್ಕನ್ನು ಕತ್ತರಿಸುವ ಮೊದಲು ಬಾಗಿಲಿನ ಚೌಕಕ್ಕೆ ಅಡ್ಡಪಟ್ಟಿ ಕೊಟ್ಟು ಬಿಗಿಯಬೇಕು. ಇಲ್ಲದಿದ್ದರೆ ಉಕ್ಕು ತೆಗೆದೊಡನೆ ಮೈ ಜಗ್ಗುತ್ತದೆ, ಬಾಗಿಲು ಮತ್ತೆ ಸರಿಯಾಗಿ ಮುಚ್ಚುವುದಿಲ್ಲ. ಮೂಲೆಯಿಂದ ಮೂಲೆಗೆ ಅಳತೆ ತೆಗೆದು ಬರೆದಿಟ್ಟುಕೊಳ್ಳಬೇಕು. ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸುತ್ತ ಹೋಗಬೇಕು. ಆ ಗಡಿ ಎಲ್ಲಿದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ವೆಲ್ಡಿಂಗಿನ ಶಾಖಕ್ಕೆ ಪಕ್ಕದ ಫೈಬರ್‌ಗ್ಲಾಸ್ ಸುಟ್ಟುಹೋಗಬಹುದಾದ್ದರಿಂದ ತುಸುತುಸುವೇ ಬೆಸೆದು, ಆರಲು ಬಿಟ್ಟು, ಮತ್ತೆ ಬೆಸೆಯಬೇಕು. ಇಷ್ಟೆಲ್ಲ ಆದ ಮೇಲೆ ಮೈಯನ್ನು ಚಾಸಿಯ ಮೇಲೆ ಕೂರಿಸಿದರೆ, ಮಾಡಿದ ಕೆಲಸವೆಲ್ಲ ಕಣ್ಣಿಗೆ ಕಾಣದಂತೆ ಮರೆಯಾಗುತ್ತದೆ. ಇದೇ ಜಾಗದಲ್ಲಿ ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಕಪ್ಪು ಬಣ್ಣ ಬಳಿದವನ ಕೆಲಸವೂ ಅಷ್ಟೇ ಚೆನ್ನಾಗಿ ಮರೆಯಾಗುತ್ತದೆ. ಫೋಟೊದಲ್ಲಿ ಎರಡೂ ಒಂದೇ. ಅಪಘಾತದಲ್ಲಿ ಒಂದೇ ಅಲ್ಲ.

ಈ ಕೆಲಸದ ಕೊನೆಯ ಹಂತದಲ್ಲಿ ಬರುವ ಪುಟ್ಟ ವಸ್ತುವೊಂದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ: ಶಿಮ್. ಮೌಂಟಿಗೂ ಚಾಸಿಗೂ ನಡುವೆ ತೂರಿಸುವ ತೆಳು ಲೋಹದ ಬಿಲ್ಲೆ. ಇಂಥ ಬಿಲ್ಲೆಗಳು ಸೇಂಟ್ ಲೂಯಿಸ್‌ನ ಕಾರ್ಖಾನೆಯಲ್ಲೇ ಬಿದ್ದವು, ಏಕೆಂದರೆ ಯಾವ ಎರಡು ಮೈಗಳೂ ಎರಡು ಚಾಸಿಗಳೂ ತದ್ವತ್ ಒಂದೇ ಆಗಿರಲಿಲ್ಲ. ಒಂದು ಕಾರಿಗೆ ಒಂದೆಡೆ ಎರಡು ಬಿಲ್ಲೆ ಬೇಕಾದರೆ ಇನ್ನೊಂದಕ್ಕೆ ನಾಲ್ಕು. ಆ ಲೆಕ್ಕವನ್ನು ಕಾರ್ಮಿಕರು ಚಾಸಿಯ ಮೇಲೆ ಕೈಯಿಂದ ಗೀಚಿದ ಗುರುತುಗಳು ಇವತ್ತಿಗೂ ಕೆಲವು ಕಾರುಗಳಲ್ಲಿ ಸಿಗುತ್ತವೆ. ಅಂದರೆ ‘ಕಾರ್ಖಾನೆಯಿಂದ ಬಂದ ಹಾಗೇ’ ಎಂದು ಸಂಗ್ರಾಹಕರು ಪೂಜಿಸುವ ಮೂಲ ಕೂಡ ಹೊಂದಾಣಿಕೆಗಳಿಂದಲೇ ಆದದ್ದು. ಒಂದೇ ಕೃತಿಯ ಎರಡು ಓಲೆಪ್ರತಿಗಳು ಪೂರ್ತಿ ಹೊಂದದಿರುವುದನ್ನು ಕಂಡ ಹಳಗನ್ನಡದ ವಿದ್ಯಾರ್ಥಿಗೆ ಇದು ಹೊಸ ವಿಷಯವೇನಲ್ಲ.

ಶಿಮ್ ಸಾಹಿತ್ಯದಲ್ಲೂ ಒಮ್ಮೆ ಪ್ರಸಿದ್ಧವಾಗಿದೆ. ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್’ ಕೃತಿಯಲ್ಲಿ ಗೆಳೆಯ ಜಾನ್‌ನ ಬಿಎಂಡಬ್ಲ್ಯೂ ಬೈಕಿನ ಹ್ಯಾಂಡಲ್ ಸಡಿಲವಾಗಿ ಜಾರುತ್ತಿರುತ್ತದೆ. ಬಿಯರ್ ಕ್ಯಾನಿನ ಅಲ್ಯೂಮಿನಿಯಂ ಕತ್ತರಿಸಿ ಶಿಮ್ ಹಾಕೋಣ ಎನ್ನುತ್ತಾನೆ ನಿರೂಪಕ. ಅಂಥ ಜರ್ಮನ್ ಯಂತ್ರಕ್ಕೆ ಕುಡಿದು ಬಿಸಾಡಿದ ಡಬ್ಬಿಯ ಚೂರೇ ಎಂದು ಜಾನ್‌ಗೆ ಅವಮಾನವಾಗುತ್ತದೆ. ಈ ಪ್ರಸಂಗದಿಂದ ಪಿರ್ಸಿಗ್ ಮನುಷ್ಯರ ಎರಡು ನೋಟಗಳನ್ನು ಬೇರ್ಪಡಿಸುತ್ತಾನೆ: ಮೇಲ್ಮೈಯ ಚೆಲುವಿಗೆ ಸೋಲುವ ರೊಮ್ಯಾಂಟಿಕ್ ನೋಟ, ಒಳರಚನೆಯನ್ನು ಹುಡುಕುವ ಕ್ಲಾಸಿಕಲ್ ನೋಟ. ಶಿಮ್ ಏನಾಗಿದೆ ಎಂದು ಜಾನ್ ನೋಡುತ್ತಾನೆ, ಏನು ಮಾಡುತ್ತದೆ ಎಂದು ನಿರೂಪಕ ನೋಡುತ್ತಾನೆ.

ಈ ವಿಂಗಡಣೆ ಕಾರ್ವೆಟ್‌ಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆಂದರೆ ಅಲ್ಲೇ ಅನುಮಾನ ಬರಬೇಕು. ಪಿರ್ಸಿಗ್‌ನ ನಿರ್ವಹಣೆಯಲ್ಲಿ ಪ್ರಶ್ನೆ ಇರುವುದು ಯಂತ್ರ ನಡೆಯುತ್ತದೆಯೋ ಇಲ್ಲವೋ ಎಂಬುದು. ಕೆಲಸವಾದರೆ ಬಿಯರ್ ಡಬ್ಬಿಯೂ ಸೈ. ಆದರೆ ಐವತ್ತು ವರ್ಷ ಹಳೆಯ ಕಾರಿನಲ್ಲಿ ಲೋಹವೇ ಒಂದು ದಾಖಲೆ. ಅಲ್ಲಿ ಯಾವ ಚೂರನ್ನು ಕತ್ತರಿಸಿ ಎಸೆದೆವು, ಎಷ್ಟು ಬಿಲ್ಲೆ ಬದಲಿಸಿದೆವು ಎಂಬುದು ಕಾರ್ಯದಷ್ಟೇ ಸತ್ಯದ ಪ್ರಶ್ನೆಯೂ ಹೌದು. ಜಾನ್‌ನ ಹಿಂಜರಿಕೆಯಲ್ಲಿ ಪಿರ್ಸಿಗ್ ಬರೀ ಮೋಹವನ್ನು ಕಂಡ. ವಸ್ತುವಿಗೆ ಚರಿತ್ರೆಯಿದೆ ಎಂಬ ಗೌರವವೂ ಅದರಲ್ಲಿ ಇರಬಹುದಿತ್ತು. ಅದಕ್ಕೆ ಅವನ ಎರಡು ಪೆಟ್ಟಿಗೆಗಳಲ್ಲಿ ಜಾಗವಿಲ್ಲ.

ಈ ಪ್ರಶ್ನೆ ಒಮ್ಮೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. 1929 ಮತ್ತು 1930ರ ಲ ಮಾನ್ಸ್ ಪಂದ್ಯಗಳನ್ನು ಗೆದ್ದ ಬೆಂಟ್ಲಿ ‘ಓಲ್ಡ್ ನಂಬರ್ ಒನ್’ ಆಮೇಲೆ ಎಷ್ಟು ಬಾರಿ ಬದಲಾಯಿತೆಂದರೆ, ಮಾರಾಟವಾದಾಗ ಇದು ನಿಜಕ್ಕೂ ಆ ಕಾರೇ ಎಂಬ ವ್ಯಾಜ್ಯ ಎದ್ದಿತು. 1990ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಹೌದು, ಇದೇ ಆ ಕಾರು ಎಂದಿತು. ಹಳೆಯ ಬಿಡಿಭಾಗಗಳು ಎಷ್ಟು ಉಳಿದಿವೆ ಎಂಬುದಕ್ಕಿಂತ ಕಡಿಯದೆ ಬಂದ ಚರಿತ್ರೆ ಅಲ್ಲಿ ತೂಕ ಪಡೆಯಿತು. ನನಗೆ ಈ ತೀರ್ಪು ಒಪ್ಪಿಗೆ, ಒಂದು ಷರತ್ತಿನ ಮೇಲೆ: ಚರಿತ್ರೆ ಕಡಿಯಬಾರದೆಂದರೆ ಬದಲಾದದ್ದನ್ನು ಯಾರಾದರೂ ಬರೆದಿಟ್ಟಿರಬೇಕು. ಸ್ಮಾರಕಗಳ ರಕ್ಷಣೆಗೆ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು ಇದನ್ನೇ ಕೇಳುತ್ತದೆ: ಹೊಸ ಭಾಗ ಇಡಿಯೊಂದಿಗೆ ಹೊಂದಬೇಕು, ಆದರೆ ಹಳೆಯದೆಂದು ನಟಿಸಬಾರದು.

ಹಾಗಾಗಿ ಜೀರ್ಣೋದ್ಧಾರದ ಕಥನಗಳನ್ನು ಓದುವಾಗ ನಾನು ಕೊನೆಯ ಚಿತ್ರದ ಹೊಳಪನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದಿಲ್ಲ. ಎಲ್ಲಿ ಕತ್ತರಿಸಿದರು, ಗಟ್ಟಿ ಲೋಹ ಎಲ್ಲಿ ಸಿಕ್ಕಿತು, ಚಾಸಿಯ ಮೇಲಿನ ಹಳೆಯ ಗೀಚನ್ನು ಉಜ್ಜುವ ಮೊದಲು ನಕಲು ಮಾಡಿಕೊಂಡರೇ, ಹೊಸ ತುಂಡು ಹೊಸದೆಂದು ಗುರುತಿಸುವಂತಿದೆಯೇ? ಇವನ್ನು ಹೇಳದ ಕಥೆ ಎಷ್ಟೇ ರಮ್ಯವಾಗಿದ್ದರೂ ಪುಟ್ಟಿಯ ಕೆಲಸವೇ. ಹೇಳುವ ಕಥೆ ಒರಟಾಗಿದ್ದರೂ ಪರವಾಗಿಲ್ಲ. ಮುಂದೊಂದು ದಿನ ಆ ಮೈಯನ್ನು ಮತ್ತೆ ಎತ್ತುವ ಅಪರಿಚಿತನಿಗೆ ಅದು ಉಪಯೋಗಕ್ಕೆ ಬರುತ್ತದೆ.