ಸಾಕ್ಷ್ಯಚಿತ್ರದ ಸಾಕ್ಷ್ಯ: ಅಂತರರಾಷ್ಟ್ರೀಯ ಪ್ರಕೃತಿ ಚಿತ್ರಸ್ಪರ್ಧೆಗಳನ್ನು ಕುರಿತು ಒಂದು ವಿಚಾರ

ಕಾಡು, ಕಡಲು, ಮೃಗ, ಪಕ್ಷಿ ಇವುಗಳನ್ನೇ ವಸ್ತುವಾಗುಳ್ಳ ಚಲಚ್ಚಿತ್ರಗಳಿಗಾಗಿ ಏರ್ಪಡುವ ಅಂತರರಾಷ್ಟ್ರೀಯ ಸ್ಪರ್ಧೆಗಳು ಇಂದು ಹಲವು ದೇಶಗಳಲ್ಲಿ ನಡೆಯುತ್ತಿವೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1982ರಲ್ಲಿ ಸರ್ ಪೀಟರ್ ಸ್ಕಾಟ್ ಮತ್ತು ಕ್ರಿಸ್ಟೋಫರ್ ಪಾರ್ಸನ್ಸ್ ಅವರಿಂದ ಮೊದಲಾದ ವೈಲ್ಡ್‌ಸ್ಕ್ರೀನ್ ಉತ್ಸವ, ಅಮೆರಿಕದ ವಯೋಮಿಂಗ್ ಸಂಸ್ಥಾನದಲ್ಲಿ 1991ರಲ್ಲಿ ಹುಟ್ಟಿದ ಜಾಕ್ಸನ್ ಹೋಲ್ ಉತ್ಸವ ಇವು ಅವುಗಳಲ್ಲಿ ಪ್ರಸಿದ್ಧವಾದುವು. ಇಂಥ ಕಡೆಗೆ ತಮ್ಮ ಚಿತ್ರಗಳನ್ನು ಕಳುಹಿಸಬೇಕೆಂಬ ಹಂಬಲ ನಮ್ಮ ನಾಡಿನ ತರುಣರಲ್ಲಿಯೂ ಕಾಣಬರುತ್ತಿದೆ. ಇದು ಸಂತೋಷಪಡತಕ್ಕ ವಿಷಯವೇ. ಆದರೆ ಸ್ಪರ್ಧೆಗೆ ಕಳುಹಿಸುವುದೆಂದರೇನು, ಅಲ್ಲಿ ತೂಗಲ್ಪಡುವುದು ಯಾವುದು, ತೂಗಲ್ಪಡಬೇಕಾದುದು ಯಾವುದು ಎಂಬ ಪ್ರಶ್ನೆಗಳನ್ನು ವಿಮರ್ಶೆಯ ದೃಷ್ಟಿಯಿಂದ ಎತ್ತಿಕೊಂಡ ಬರೆಹಗಳು ನಮ್ಮಲ್ಲಿ ವಿರಳ. ಆ ಕೊರತೆಯನ್ನು ಕಿಂಚಿತ್ತಾದರೂ ತುಂಬುವುದು ಈ ಲೇಖನದ ಉದ್ದೇಶ.

ಇಂಥ ಸ್ಪರ್ಧೆಯ ಪ್ರವೇಶಪತ್ರವನ್ನು ಒಮ್ಮೆ ಓದಿ ನೋಡಬೇಕು. ಚಿತ್ರದ ಹೆಸರು, ಅವಧಿ, ಮುಗಿದ ವರ್ಷ, ಸೇರತಕ್ಕ ವಿಭಾಗ, ಕಥಾಸಾರಾಂಶ, ಬೇರೆ ಭಾಷೆಯದಾದರೆ ಇಂಗ್ಲಿಷ್ ಅಡಿಬರೆಹ, ಪ್ರವೇಶಶುಲ್ಕ: ಸಾಮಾನ್ಯವಾಗಿ ಅದು ಕೇಳುವುದು ಇಷ್ಟನ್ನು. ವಿಭಾಗಗಳಾದರೋ ಬಹುಮಟ್ಟಿಗೆ ಕುಶಲತೆಯನ್ನು ಅನುಸರಿಸಿ ಏರ್ಪಟ್ಟವು. ಛಾಯಾಗ್ರಹಣಕ್ಕೊಂದು, ಸಂಕಲನಕ್ಕೊಂದು, ಧ್ವನಿಗೊಂದು, ಸಂಗೀತಕ್ಕೊಂದು. ಈ ಅಂಗಗಳೆಲ್ಲ ಆವಶ್ಯಕವೆಂಬುದು ನಿರ್ವಿವಾದ. ಆದರೂ ಇವುಗಳ ನಡುವೆ ಒಂದು ಪ್ರಶ್ನೆಗೆ ತಕ್ಕ ಪ್ರಾಧಾನ್ಯ ದೊರೆತಿಲ್ಲವೆಂದು ನಮಗೆ ತೋರುತ್ತದೆ. 'ಈ ದೃಶ್ಯ ನಿಮಗೆ ದೊರೆತುದು ಹೇಗೆ?' ಎಂಬುದೇ ಆ ಪ್ರಶ್ನೆ. ಇದು ಕೇವಲ ನೀತಿಯ ಪ್ರಶ್ನೆಯಲ್ಲ, ಚಿತ್ರದ ಮೌಲ್ಯದ ಪ್ರಶ್ನೆ. ಪ್ರಕೃತಿ ಚಿತ್ರದಲ್ಲಿ ದೃಶ್ಯವು ದೊರೆತ ಬಗೆಯೂ ಕೃತಿಯ ಅಂಗವೇ ಆಗಿದೆ ಎಂಬುದನ್ನು ಮುಂದೆ ತೋರಿಸಲು ಯತ್ನಿಸುತ್ತೇವೆ.

ನಮ್ಮ ಅಲಂಕಾರಶಾಸ್ತ್ರದಲ್ಲಿ ಶಂಕುಕನ ಹೆಸರಿನೊಡನೆ ಬರುವ ಚಿತ್ರತುರಗನ್ಯಾಯವನ್ನು ಇಲ್ಲಿ ನೆನೆಯುವುದು ಉಚಿತ. ಗೋಡೆಯ ಮೇಲೆ ಬರೆದ ಕುದುರೆಯನ್ನು ನೋಡಿದವನಿಗೆ 'ಇದು ಕುದುರೆ' ಎಂಬ ಅರಿವು ಉಂಟಾಗುತ್ತದೆ. ಆದರೆ ಆ ಅರಿವು ಸತ್ಯಜ್ಞಾನವಲ್ಲ, ಮಿಥ್ಯಾಜ್ಞಾನವೂ ಅಲ್ಲ. ಸಂಶಯವೂ ಅಲ್ಲ, ಹೋಲಿಕೆಯ ಜ್ಞಾನವೂ ಅಲ್ಲ. ರಂಗಸ್ಥಳದ ನಟನನ್ನು ರಾಮನೆಂದು ಕಾಣುವ ಪ್ರೇಕ್ಷಕನ ಅರಿವೂ ಅಂಥದೇ ಎಂದು ಶಂಕುಕನ ವಾದ. ಅಭಿನವಗುಪ್ತನು ಈ ವಾದವನ್ನು ಪೂರ್ಣವಾಗಿ ಒಪ್ಪಲಿಲ್ಲವೆಂಬುದು ನಿಜ. ಆದರೂ ಕಲೆಗೂ ಪ್ರೇಕ್ಷಕನಿಗೂ ನಡುವೆ ಒಂದು ಮೌನವಾದ ಒಪ್ಪಂದವಿದೆಯೆಂಬುದನ್ನು ಅದು ಸೊಗಸಾಗಿ ಸೂಚಿಸುತ್ತದೆ. ನಾಟಕದಲ್ಲಿ ಸತ್ತವನು ತೆರೆ ಬಿದ್ದ ಮೇಲೆ ಎದ್ದು ಮನೆಗೆ ಹೋಗುತ್ತಾನೆಂಬುದು ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಅಲ್ಲಿ ರಸಾನುಭವ ಸಾಧ್ಯ.

ಪ್ರಕೃತಿ ಚಿತ್ರದಲ್ಲಿ ಈ ಒಪ್ಪಂದವಿಲ್ಲ. ಪರದೆಯ ಮೇಲೆ ಓಡುವ ಜಿಂಕೆಯನ್ನು ನಾವು ಬರೆದ ಕುದುರೆಯಂತೆ ಕಾಣುವುದಿಲ್ಲ. ಅದು ಎಲ್ಲಿಯೋ, ಎಂದೋ, ನಿಜವಾಗಿ ಹಾಗೆಯೇ ಓಡಿತು ಎಂದೇ ನಂಬುತ್ತೇವೆ. ಈ ಜಾತಿಯ ಚಿತ್ರಕ್ಕೆ ಕನ್ನಡದಲ್ಲಿ ನೆಲೆಗೊಂಡಿರುವ 'ಸಾಕ್ಷ್ಯಚಿತ್ರ' ಎಂಬ ಹೆಸರು ಈ ನಂಬಿಕೆಯನ್ನು ಅನ್ವರ್ಥವಾಗಿ ಹಿಡಿದಿದೆ. ಸಾಕ್ಷಿಯಾದವನು ತಾನು ಕಂಡದ್ದನ್ನು ಹೇಳಬೇಕು. ಹೇಳುವ ಮುನ್ನ ಪ್ರಮಾಣ ಮಾಡಬೇಕು. ಎದುರು ಪ್ರಶ್ನೆಗಳಿಗೆ ಒಳಪಡಬೇಕು. ಸಾಕ್ಷಿಯ ಕಂಠ ಎಷ್ಟು ಮಧುರವಾಗಿದೆಯೆಂದು ಯಾವ ನ್ಯಾಯಾಧೀಶನೂ ಮೊದಲು ಕೇಳುವುದಿಲ್ಲ.

ಪ್ರಶಸ್ತಿಯು ಸಾಕ್ಷ್ಯವನ್ನು ಪರೀಕ್ಷಿಸದೆ ಕೊಡಲ್ಪಟ್ಟಾಗ ಏನಾಗುತ್ತದೆಂಬುದಕ್ಕೆ ಡಿಸ್ನಿ ಸಂಸ್ಥೆಯ 'ವೈಟ್ ವೈಲ್ಡರ್‌ನೆಸ್' ಎಂಬ 1958ರ ಚಿತ್ರ ನಿದರ್ಶನ. ಉತ್ತರಧ್ರುವ ಸೀಮೆಯ ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ಹಿಂಡುಹಿಂಡಾಗಿ ಬಂಡೆಯಂಚಿನಿಂದ ಸಮುದ್ರಕ್ಕೆ ಬೀಳುವ ದೃಶ್ಯ ಅದರಲ್ಲಿದೆ. ಚಿತ್ರಕ್ಕೆ 1959ರಲ್ಲಿ ಆಸ್ಕರ್ ಪ್ರಶಸ್ತಿಯೂ ಬಂದಿತು, ಬರ್ಲಿನ್ ಉತ್ಸವದ ಗೌರವವೂ ದೊರೆಯಿತು. 1980ರ ದಶಕದ ಆರಂಭದಲ್ಲಿ ಕೆನಡಾ ದೇಶದ ದೂರದರ್ಶನ ಕಾರ್ಯಕ್ರಮವೊಂದು ಸತ್ಯಾಂಶವನ್ನು ಹೊರಗೆಡಹಿತು. ಆ ದೃಶ್ಯ ಚಿತ್ರಿತವಾದುದು ಆಲ್ಬರ್ಟಾ ಪ್ರಾಂತದಲ್ಲಿ; ಅಲ್ಲಿ ಸಮುದ್ರವೇ ಇಲ್ಲ. ಪ್ರಾಣಿಗಳನ್ನು ಬೇರೊಂದು ಪ್ರಾಂತದಿಂದ ಕೊಂಡು ತಂದು, ಹಿಮ ಹೊದಿಸಿದ ತಿರುಗುಮೇಜಿನ ಮೇಲೆ ಓಡಿಸಿ, ಕೊನೆಗೆ ನದಿಯೊಂದರ ದಂಡೆಯಿಂದ ಕೆಳಕ್ಕೆ ನೂಕಲಾಗಿತ್ತು. ಲೆಮ್ಮಿಂಗುಗಳ ಸಾಮೂಹಿಕ ಮರಣವೆಂಬ ಜನಜನಿತ ಕಲ್ಪನೆ ಚಿತ್ರಕ್ಕಿಂತ ಹಳೆಯದು. ಆದರೆ ಕಲ್ಪನೆಯಾಗಿದ್ದುದಕ್ಕೆ ಕಣ್ಣಾರೆ ಕಂಡ ಸತ್ಯದ ಬಲವನ್ನು ಕೊಟ್ಟುದು ಚಿತ್ರ. ಅದಕ್ಕೆ ಮುದ್ರೆಯೊತ್ತಿದುದು ಪ್ರಶಸ್ತಿ.

ಇದೇ ಕಾಲದ ಇನ್ನೊಂದು ಚಿತ್ರವನ್ನು ಇದರೊಡನೆ ಹೋಲಿಸಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಜಾಕ್ ಕುಸ್ಟೋ ಮತ್ತು ಲೂಯಿ ಮಾಲ್ ನಿರ್ಮಿಸಿದ ಸಮುದ್ರಗರ್ಭದ ಚಿತ್ರ 'ಮೌನಜಗತ್ತು' 1956ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಪಡೆಯಿತು. ಸಾಕ್ಷ್ಯಚಿತ್ರವೊಂದು ಆ ಪ್ರಶಸ್ತಿಯನ್ನು ಪಡೆದುದು ಅದೇ ಮೊದಲು. ಮೀನುಗಳ ಎಣಿಕೆಗಾಗಿ ಹವಳದ ದಿಬ್ಬದ ಬಳಿ ಸಿಡಿಮದ್ದು ಸಿಡಿಸುವುದು, ಹಡಗಿನ ಚಕ್ರಕ್ಕೆ ಸಿಕ್ಕಿದ ತಿಮಿಂಗಿಲದ ಮರಿಯನ್ನು ತಿನ್ನಲು ಬಂದ ಶಾರ್ಕುಗಳನ್ನು ನಾವಿಕರು ರೋಷದಿಂದ ಕೊಲ್ಲುವುದು ಇವೆಲ್ಲ ಅದರಲ್ಲಿ ತೆರೆದೇ ಇವೆ. ಇಂದಿನ ಪ್ರೇಕ್ಷಕನಿಗೆ ಇದು ಅಸಹ್ಯವೆನಿಸದಿರದು. ಆದರೆ ಗಮನಿಸಬೇಕಾದ ಅಂಶವೊಂದುಂಟು. ಈ ಚಿತ್ರ ತನ್ನ ಕ್ರೌರ್ಯವನ್ನು ಅಡಗಿಸಲಿಲ್ಲ. ಆದುದರಿಂದಲೇ ಮುಂದಿನ ತಲೆಮಾರಿನವರು ಅದೇ ಚಿತ್ರವನ್ನು ಆಧಾರವಾಗಿಟ್ಟುಕೊಂಡು ಅದರ ನಿರ್ಮಾಪಕರನ್ನು ವಿಚಾರಿಸಲು ಸಾಧ್ಯವಾಯಿತು. 'ವೈಟ್ ವೈಲ್ಡರ್‌ನೆಸ್' ಚಿತ್ರದ ವಿರುದ್ಧ ಸಾಕ್ಷ್ಯವನ್ನು ಚಿತ್ರದ ಹೊರಗೆ ಹುಡುಕಬೇಕಾಯಿತು. 'ಮೌನಜಗತ್ತು' ತನ್ನ ವಿರುದ್ಧ ತಾನೇ ಸಾಕ್ಷಿಯಾಗಿ ನಿಂತಿದೆ. ಇವೆರಡೂ ದೋಷಗಳೇ, ಆದರೆ ಮೊದಲನೆಯದು ಸಾಕ್ಷಿಯ ದೋಷ, ಎರಡನೆಯದು ಕರ್ತೃವಿನ ದೋಷ. ವಿಮರ್ಶಕನು ಇವುಗಳ ಅಂತರವನ್ನು ಮರೆಯಬಾರದು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಚಲಚ್ಚಿತ್ರವೂ ಕಲೆಯೇ ತಾನೆ? ಹತ್ತು ದಿನಗಳ ದೃಶ್ಯಗಳನ್ನು ಒಂದು ದಿನದ ಕಥೆಯಾಗಿ ಹೆಣೆಯದೆ, ಎರಡು ಹುಲಿಗಳನ್ನು ಒಂದೇ ಹುಲಿಯಾಗಿ ತೋರಿಸದೆ, ದೂರದ ರೆಕ್ಕೆಯ ಸಪ್ಪಳವನ್ನು ಆಮೇಲೆ ಕೂಡಿಸದೆ ಯಾವ ಚಿತ್ರ ತಾನೆ ಪೂರ್ಣವಾದೀತು? ಈ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಜೋಡಣೆಯಿಲ್ಲದೆ ಚಿತ್ರವಿಲ್ಲ. ಆದರೆ ಜೋಡಣೆ ಬೇರೆ, ವಂಚನೆ ಬೇರೆ. ಇವುಗಳ ಗಡಿಯನ್ನು ಗುರುತಿಸಲು 2011ರ ಒಂದು ಪ್ರಸಂಗ ನೆರವಾಗುತ್ತದೆ. ಬಿ.ಬಿ.ಸಿ. ಸಂಸ್ಥೆಯ 'ಫ್ರೋಜನ್ ಪ್ಲಾನೆಟ್' ಮಾಲಿಕೆಯಲ್ಲಿ ಹಿಮಕರಡಿಯ ಮರಿಗಳು ಗುಹೆಯೊಳಗೆ ತಾಯಿಯ ಮಗ್ಗುಲಲ್ಲಿರುವ ದೃಶ್ಯವಿತ್ತು. ಅದನ್ನು ನೆದರ್ಲೆಂಡ್ಸ್ ದೇಶದ ಮೃಗಾಲಯವೊಂದರಲ್ಲಿ ಚಿತ್ರಿಸಲಾಗಿತ್ತು. ನಿಜವಾದ ಗುಹೆಗೆ ಯಂತ್ರವನ್ನಿಟ್ಟರೆ ತಾಯಿ ಮರಿಗಳಿಗೆ ಅಪಾಯವಿದ್ದುದರಿಂದ ಹೀಗೆ ಮಾಡಿದುದು ವಿವೇಕವೇ ಸರಿ. ಸಂಸ್ಥೆಯು ಈ ಸಂಗತಿಯನ್ನು ಬೇರೊಂದೆಡೆ ಪ್ರಕಟಿಸಿಯೂ ಇತ್ತು. ಆದರೆ ಚಿತ್ರದೊಳಗಿನ ನಿರೂಪಣೆ ಅದನ್ನು ಹೇಳಲಿಲ್ಲ. ಟೀಕೆ ಬಂದುದು ಆ ಮೌನಕ್ಕೆ. ಪ್ರಾಣಿಗೆ ಹಿಂಸೆಯಾಗಲಿಲ್ಲ, ಹೇಳಿದ ವಿಷಯವೂ ಸುಳ್ಳಲ್ಲ. ಆದರೂ ಪ್ರೇಕ್ಷಕನು ಕೊಟ್ಟ ನಂಬಿಕೆಗೆ ಪ್ರತಿಯಾಗಿ ಅವನಿಗೆ ಸಲ್ಲಬೇಕಾಗಿದ್ದ ಒಂದು ಮಾತು ಸಲ್ಲಲಿಲ್ಲ. ಒಂದೇ ವಾಕ್ಯದಲ್ಲಿ ಅದನ್ನು ಹೇಳಿದ್ದರೆ ದೃಶ್ಯದ ಸೌಂದರ್ಯ ಕುಂದುತ್ತಿರಲಿಲ್ಲವೆಂದು ನಮ್ಮ ಅಭಿಪ್ರಾಯ.

ಈ ವಿಚಾರದಲ್ಲಿ ವಿಶ್ವವಿದ್ಯಾನಿಲಯಗಳಿಗೆ ಒಂದು ಕರ್ತವ್ಯವಿದೆಯೆಂಬುದಕ್ಕೆ ಪೂರ್ವನಿದರ್ಶನ ಉಂಟು. ಅಮೆರಿಕದ ಮೊಂಟಾನಾ ವಿಶ್ವವಿದ್ಯಾನಿಲಯದಲ್ಲಿದ್ದ ಚಾರ್ಲ್ಸ್ ಜೊಂಕೆಲ್ ಎಂಬ ಕರಡಿಗಳ ಅಧ್ಯಯನಕಾರರು 1977ರಲ್ಲಿ ಮಿಸೂಲಾ ಪಟ್ಟಣದಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ಚಿತ್ರೋತ್ಸವವನ್ನು ಪ್ರಾರಂಭಿಸಿದರು. ಪರದೆಯ ಮೇಲಿನ ಪ್ರಾಣಿಗೂ ತಾವು ಕಾಡಿನಲ್ಲಿ ಅಧ್ಯಯನ ಮಾಡುತ್ತಿದ್ದ ಪ್ರಾಣಿಗೂ ಹೊಂದಿಕೆಯಿರಬೇಕೆಂಬ ವಿಜ್ಞಾನಿಯ ಕಳಕಳಿ ಅದರ ಹಿಂದೆ ಇತ್ತು. ಚಿತ್ರಸ್ಪರ್ಧೆಯೊಂದು ಚಿತ್ರೋದ್ಯಮದ ಕೇಂದ್ರದಲ್ಲಿ ಹುಟ್ಟದೆ, ವಿದ್ಯಾಕೇಂದ್ರವೊಂದರಲ್ಲಿ ಹುಟ್ಟಿದುದು ಅರ್ಥವತ್ತಾದ ಸಂಗತಿ.

ಸಾಕ್ಷ್ಯ ನಿಜವಾದಾಗ ಅದರ ಫಲವೇನೆಂಬುದನ್ನು ನಮ್ಮ ದೇಶದ ಚಿತ್ರವೊಂದರಿಂದಲೇ ತಿಳಿಯಬಹುದು. ಮೈಕ್ ಪಾಂಡೆ ಅವರ 'ಶೋರ್ಸ್ ಆಫ್ ಸೈಲೆನ್ಸ್' ಗುಜರಾತಿನ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕ್ ಎಂಬ ಬೃಹತ್ ಮೀನಿನ ಬೇಟೆಯನ್ನು ಕುರಿತದ್ದು. ಅದಕ್ಕೆ 2000ದಲ್ಲಿ ಬ್ರಿಸ್ಟಲಿನ ಪಾಂಡಾ ಪ್ರಶಸ್ತಿ ದೊರೆಯಿತು. 2001ರಲ್ಲಿ ಭಾರತ ಸರಕಾರವು ಈ ಮೀನನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿತು. 2002ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವೂ ನಿಯಂತ್ರಣಕ್ಕೆ ಒಳಪಟ್ಟಿತು. ಚಿತ್ರದ ಸಾಕ್ಷ್ಯ ಅಲುಗಾಡುವಂಥದಾಗಿದ್ದರೆ, ಒಂದೇ ಒಂದು ದೃಶ್ಯ ಕೃತಕವೆಂದು ತೋರಿಬಂದಿದ್ದರೆ, ಇಷ್ಟು ಭಾರವನ್ನು ಅದು ಹೊರಲಾರದಾಗುತ್ತಿತ್ತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಾಯಿದೆ ಬಂದರೂ ಬಲೆ ಬೀಸುವವರು ಕರಾವಳಿಯ ಬೆಸ್ತರೇ. 2004ರಿಂದ ನಡೆದ ಪ್ರಚಾರಕಾರ್ಯದಲ್ಲಿ ರಾಮಕಥಾಪ್ರವಚನಕಾರರಾದ ಮೊರಾರಿ ಬಾಪು ಅವರು ಈ ಮೀನನ್ನು ಹೆರಿಗೆಗಾಗಿ ತವರಿಗೆ ಬರುವ ಮಗಳಿಗೆ ಹೋಲಿಸಿದರು. ಗುಜರಾತಿಯಲ್ಲಿ ಅದಕ್ಕೆ 'ಪ್ರೀತಿಪಾತ್ರಳು' ಎಂಬರ್ಥದ 'ವ್ಹಾಲಿ' ಎಂಬ ಹೆಸರು ರೂಢಿಗೆ ಬಂದಿತು. ಬೆಸ್ತರು ಬಲೆಗೆ ಸಿಕ್ಕಿದ ಮೀನನ್ನು ಬಲೆ ಕತ್ತರಿಸಿ ಬಿಡತೊಡಗಿದರು. ಹಾಳಾದ ಬಲೆಗೆ ಸರಕಾರ ಪರಿಹಾರ ಕೊಡುವ ಏರ್ಪಾಡಾಯಿತು. ಬ್ರಿಸ್ಟಲಿನಲ್ಲಿ ಇಂಗ್ಲಿಷಿನಲ್ಲಿ ನುಡಿದ ಸಾಕ್ಷ್ಯ ಸೌರಾಷ್ಟ್ರದ ದಡದಲ್ಲಿ ಗುಜರಾತಿಯಲ್ಲಿ ಮತ್ತೊಮ್ಮೆ ನುಡಿಯಲ್ಪಟ್ಟಾಗಲೇ ಪೂರ್ಣವಾಯಿತು ಎನ್ನಬೇಕು. ಪ್ರಶಸ್ತಿ ದಾರಿಯ ನಡುವಣ ತಂಗುದಾಣ, ಊರಲ್ಲ.

ಈ ದೃಷ್ಟಿಯಿಂದ ಕನ್ನಡಿಗರಿಗೆ ಒಂದು ಸಮಾಧಾನವಿದೆ. ಕೃಪಾಕರ ಮತ್ತು ಸೇನಾನಿಯವರು ಬಂಡೀಪುರ ಮುದುಮಲೆ ಸೀಮೆಯಲ್ಲಿ ಕೆನ್ನಾಯಿಗಳನ್ನು ವರ್ಷಗಟ್ಟಲೆ ಅನುಸರಿಸಿ ನಿರ್ಮಿಸಿದ ಚಿತ್ರಕ್ಕೂ ಬ್ರಿಸ್ಟಲಿನ ಪ್ರಶಸ್ತಿ ಬಂದಿದೆ. 1972ರ ಕಾಯಿದೆಗೆ ಮುನ್ನ ಕೆನ್ನಾಯಿಯನ್ನು ಕೊಂದವನಿಗೆ ಇನಾಮು ಸಲ್ಲುತ್ತಿತ್ತೆಂಬುದನ್ನು ನೆನೆದರೆ ಈ ಮನ್ನಣೆಯ ಬೆಲೆ ಅರ್ಥವಾದೀತು. ಇವರು ಕನ್ನಡದ ಲೇಖಕರೂ ಹೌದು. ಕಾಡನ್ನು ಕುರಿತು ಈ ನಾಡಿನವರಿಗೆ ಈ ನಾಡಿನ ನುಡಿಯಲ್ಲಿಯೇ ಬರೆದವರು. ಅವರ ಚಿತ್ರದ ಹಿಂದಿರುವ ಬಂಡವಾಳ ಮುಖ್ಯವಾಗಿ ಕಾಲ. ಇಂಥ ಚಿತ್ರದಲ್ಲಿ ಕಾಯುವಿಕೆಯೇ ಶೈಲಿ. ಅವಸರದವನು ಗೂಡಿನ ಮುಂದಣ ಕೊಂಬೆಯನ್ನು ಕಡಿಯುತ್ತಾನೆ, ಮೃಗಕ್ಕೆ ಆಹಾರದ ಆಸೆಯೊಡ್ಡುತ್ತಾನೆ, ಹಕ್ಕಿಯ ಕೂಗನ್ನು ಯಂತ್ರದಿಂದ ನುಡಿಸಿ ಹಕ್ಕಿಯನ್ನು ಕರೆಯುತ್ತಾನೆ. ಮರೆ ಕಳೆದುಕೊಂಡ ಗೂಡು ಬಿಸಿಲಿಗೂ ಕಾಗೆಗೂ ತುತ್ತಾಗಬಹುದು. ಚಿತ್ರ ಮಾತ್ರ ಸ್ಫುಟವಾಗಿ ಮೂಡಿರುತ್ತದೆ. ಆ ಸ್ಫುಟತೆಗೆ ಬಹುಮಾನ ಕೊಡುವ ತೀರ್ಪುಗಾರನಿಗೆ ಕತ್ತರಿಸಿದ ಕೊಂಬೆ ಕಾಣುವುದಿಲ್ಲ.

ಆದುದರಿಂದ ಸ್ಪರ್ಧೆಗೆ ಚಿತ್ರ ಕಳುಹಿಸುವ ನಮ್ಮ ವಿದ್ಯಾರ್ಥಿಗಳಿಗೆ ನಮ್ಮ ಸೂಚನೆ ಇಷ್ಟು. ಕೇಳಲಿ, ಕೇಳದಿರಲಿ, ಪ್ರವೇಶಪತ್ರದೊಡನೆ ಒಂದು ಪುಟದ ವಿವರಣೆ ಇರಲಿ. ಚಿತ್ರಣ ಎಲ್ಲಿ, ಎಷ್ಟು ದಿನ ನಡೆಯಿತು. ಅಭಯಾರಣ್ಯವಾದರೆ ಯಾರ ಅನುಮತಿ ದೊರೆತಿತ್ತು. ಯಾವ ದೃಶ್ಯ ಸೆರೆಯ ಪ್ರಾಣಿಯದು, ಯಾವ ಧ್ವನಿ ಆಮೇಲೆ ಕೂಡಿಸಿದ್ದು. ದಾರಿ ತೋರಿಸಿದ ಕಾಡಿನವರು ಯಾರು, ಚಿತ್ರದಲ್ಲಿ ಅವರ ಹೆಸರಿದೆಯೆ, ಚಿತ್ರವನ್ನು ಅವರಿಗೆ ಅವರ ಭಾಷೆಯಲ್ಲಿ ತೋರಿಸಲಾಯಿತೆ ಎಂಬುದನ್ನು ಅದು ಹೇಳಲಿ. ಇದರಿಂದ ಒಂದೆರಡು ಸುಂದರ ದೃಶ್ಯಗಳು ಬಿಟ್ಟುಹೋಗಬಹುದು, ಪ್ರಶಸ್ತಿಯೂ ಕೈತಪ್ಪಬಹುದು. ಅದು ಅಲ್ಪ ನಷ್ಟವೆಂದು ನಾವು ಹೇಳಲಾರೆವು. ಮನ್ನಣೆಯಿಲ್ಲದೆ ಮುಂದಿನ ಚಿತ್ರಕ್ಕೆ ಹಣ ಹುಟ್ಟುವುದು ಕಷ್ಟವೆಂಬುದು ನಿಜ. ಆದರೂ ಸಾಕ್ಷಿ ಒಮ್ಮೆ ಸುಳ್ಳು ಹೇಳಿದನೆಂದರೆ ಅವನ ನಿಜವನ್ನೂ ಜನ ನಂಬುವುದಿಲ್ಲ. ಕಾಡಿನ ಪರವಾಗಿ ಮಾತಾಡುವವರಿಗಂತೂ ಆ ನಂಬಿಕೆಯೊಂದೇ ಆಸ್ತಿ.

ಔಚಿತ್ಯವು ಕಾವ್ಯದ ಜೀವಿತವೆಂದು ಕ್ಷೇಮೇಂದ್ರನ ಮತ. ಪ್ರಕೃತಿ ಚಿತ್ರದ ಮಟ್ಟಿಗೆ ಆ ಔಚಿತ್ಯವು ಚಿತ್ರ ಮುಗಿದ ಮೇಲೆ ನೋಡತಕ್ಕ ಗುಣವಲ್ಲ. ಚಿತ್ರಿಸುವವನು ಕಾಡಿನೊಳಕ್ಕೆ ಮೊದಲ ಹೆಜ್ಜೆ ಇಡುವಾಗಲೇ ತೊಡಗುವ ಗುಣ. ಅದನ್ನು ಕೇಳಿ ತಿಳಿಯುವ ಸ್ಪರ್ಧೆಗಳು ಹೆಚ್ಚಲಿ; ಕೇಳುವ ಮುನ್ನವೇ ಹೇಳುವ ಸ್ಪರ್ಧಿಗಳು ನಮ್ಮ ಕಾಲೇಜುಗಳಿಂದ ಹೊರಡಲಿ ಎಂದು ನಾವು ಹಾರೈಸುತ್ತೇವೆ.