ಚೋಮನ ಸಾಲ ತೀರಿದ ಮೇಲೆ

ಕೊಪ್ಪಳದ ತರಗತಿಯಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಪಾಠ ಹೇಳುವಾಗ ಮೊದಲು ಹೆಸರನ್ನೇ ಬಿಡಿಸಿ ಹೇಳಬೇಕಾಗುತ್ತದೆ. ಕರಾವಳಿಯ ದುಡಿ ಎಂಬ ವಾದ್ಯವನ್ನು ನಮ್ಮ ಕಡೆಯ ಹುಡುಗರು ಕಂಡವರಲ್ಲ. ದುಡಿ ಎಂದರೆ ದುಡಿಯುವುದು ಎಂದೇ ಅವರು ಭಾವಿಸುತ್ತಾರೆ. ಒಮ್ಮೆ ಕುಷ್ಟಗಿ ಕಡೆಯ ವಿದ್ಯಾರ್ಥಿಯೊಬ್ಬ, “ನಮ್ಮ ಅಪ್ಪ-ಅವ್ವ ಮಂಗಳೂರಿಗೆ ದುಡಿಯಾಕ ಹೋಗ್ಯಾರ್ರೀ ಸರ. ಇದೂ ಅಂಥಾದ್ದ ಕತಿ ಏನ್ರೀ?” ಎಂದು ಕೇಳಿದ. ತಿದ್ದಹೊರಟ ನನಗೆ, ಆ ತಪ್ಪಿನಲ್ಲಿಯೇ ಕಾದಂಬರಿಯ ತಿರುಳಿದೆಯೆಂದು ತೋರಿತು.

1933ರಲ್ಲಿ ಪ್ರಕಟವಾದ ಈ ಕೃತಿಯನ್ನು ಅಸ್ಪೃಶ್ಯತೆಯ ದುರಂತಕಥೆಯೆಂದು ಓದುವುದು ವಾಡಿಕೆ. ಅದು ಸರಿಯೇ. ಆದರೆ ಇದು ಕೂಲಿಯ ಮತ್ತು ಸಾಲದ ಕಥೆಯೂ ಹೌದು. ಚೋಮನ ಬಳಿ ಎರಡು ಎತ್ತುಗಳಿವೆ, ಉಳಲು ನೆಲವಿಲ್ಲ. ಅವನ ಜಾತಿಯವನು ಬೇಸಾಯಗಾರನಾಗಕೂಡದೆಂಬುದು ಊರಿನ ಕಟ್ಟಳೆ. ಇತ್ತ ಕಾಫಿ ತೋಟದ ಹಳೆಯ ಸಾಲ. ಅದನ್ನು ತೀರಿಸಲು ಹೋದ ಗಂಡುಮಕ್ಕಳಲ್ಲಿ ಒಬ್ಬ ಜ್ವರಕ್ಕೆ ತುತ್ತಾಗುತ್ತಾನೆ, ಇನ್ನೊಬ್ಬ ಮತ ಬದಲಿಸಿ ಅಲ್ಲಿಯೇ ಉಳಿಯುತ್ತಾನೆ. ಕಡೆಗೆ ಹೋದವಳು ಮಗಳು ಬೆಳ್ಳಿ. ತೋಟದ ಧಣಿ ಅವಳ ಶೀಲಕ್ಕೆ ಕೈಯಿಕ್ಕುತ್ತಾನೆ. ಸಾಲ ವಜಾ ಆಗುತ್ತದೆ.

ಇಲ್ಲಿ ವಾಚಕರು ಒಂದು ಗಳಿಗೆ ನಿಲ್ಲಬೇಕು. ಸಾಲ ತೀರಿತು, ಆದರೆ ಬಿಡುಗಡೆ ಆಗಲಿಲ್ಲ. ಚೋಮನಿಗೆ ಬೇಕಾಗಿದ್ದದ್ದು ಸಾಲದ ಮಾಫಿಯಷ್ಟೇ ಅಲ್ಲ, ತಾನೂ ಒಬ್ಬ ಬೇಸಾಯಗಾರನೆಂಬ ಮನ್ನಣೆ. ಅದು ಅವನಿಗೆ ಸಾಯುವವರೆಗೂ ದಕ್ಕುವುದಿಲ್ಲ. ಸಾಲವನ್ನೂ ದಾಸ್ಯವನ್ನೂ ಬೇರೆ ಬೇರೆಯಾಗಿ ಕಂಡದ್ದು ಕಾರಂತರ ಹಿರಿಮೆ.

ನಮ್ಮ ಶಾಸನಗಳು ಇವೆರಡನ್ನೂ ಒಂದೆಂದೇ ಬಗೆದು ಬಂದಿವೆ. ಬಲವಂತದ ದುಡಿತಕ್ಕೆ ವಿರುದ್ಧವಾದ ಒಡಂಬಡಿಕೆ ಜಿನೀವಾದಲ್ಲಿ ಆದದ್ದು 1930ರಲ್ಲಿ. ಭಾರತ ಅದಕ್ಕೆ ಒಪ್ಪಿಗೆಯಿತ್ತದ್ದು 1954ರಲ್ಲಿ. ಬಿ. ವಿ. ಕಾರಂತರು ಈ ಕಾದಂಬರಿಯನ್ನು ಚಿತ್ರವಾಗಿಸಿ ಸ್ವರ್ಣಕಮಲ ಪಡೆದದ್ದು 1975ರ ಚಿತ್ರಕ್ಕೆ. ಅದೇ ವರ್ಷದ ಅಕ್ಟೋಬರಿನಲ್ಲಿ ಜೀತವನ್ನು ರದ್ದುಗೊಳಿಸುವ ಸುಗ್ರೀವಾಜ್ಞೆ ಹೊರಟು, 1976ರಲ್ಲಿ ಕಾಯಿದೆಯಾಯಿತು. ಜೀತದ ಸಾಲಗಳೆಲ್ಲ ಅದರಿಂದ ಅಳಿದವು. ಇದು ಸಣ್ಣ ಮಾತಲ್ಲ. ಕರ್ನಾಟಕದ 1974ರ ಭೂಸುಧಾರಣೆ ಗೇಣಿದಾರನಿಗೆ ಒಡೆತನ ಕೊಟ್ಟಿತು. ಅದೂ ದೊಡ್ಡ ಕೆಲಸವೇ. ಆದರೆ ಚೋಮನನ್ನು ಗೇಣಿದಾರನಾಗಲು ಯಾರು ಬಿಟ್ಟಿದ್ದರು? ಒಂದು ಕಾಯಿದೆ ಅವನ ಸಾಲವನ್ನು ನೋಡಿತು, ಇನ್ನೊಂದು ಅವನಲ್ಲಿ ಇಲ್ಲದ ಗೇಣಿಚೀಟಿಯನ್ನು ಕೇಳಿತು. ಅವನ ಎತ್ತುಗಳನ್ನು ಎರಡೂ ನೋಡಲಿಲ್ಲ.

ಇದು ಹಳೆಯ ಕಥೆಯೆನ್ನುವವರು ನಮ್ಮ ಜಿಲ್ಲೆಯನ್ನು ನೋಡಬೇಕು. ತುಂಗಭದ್ರೆಯ ಎಡದಂಡೆ ಕಾಲುವೆ ಹರಿದ ಗಂಗಾವತಿಯಲ್ಲಿ ಭತ್ತ ತೂಗುತ್ತದೆ. ಕುಷ್ಟಗಿ, ಯಲಬುರ್ಗಾಗಳ ಬೆದ್ದಲು ನೆಲ ಮುಗಿಲನ್ನು ನೋಡುತ್ತದೆ. ಮಳೆ ಕೈಕೊಟ್ಟರೆ ಜನ ಮೇಸ್ತ್ರಿಯಿಂದ ಮುಂಗಡ ಪಡೆದು ಗುಳೆ ಹೊರಡುತ್ತಾರೆ. ಹೋಗುವುದು ಬೆಂಗಳೂರಿಗೆ, ಗೋವೆಗೆ, ಮಂಗಳೂರಿಗೆ. ಎಂದರೆ ಚೋಮನ ಸೀಮೆಗೇ! ಇವರೆಲ್ಲ ಜೀತದಾಳುಗಳೆಂದು ನಾನು ಹೇಳುತ್ತಿಲ್ಲ. ಆದರೆ ಮುಂಗಡ ತೀರುವ ತನಕ ಮೇಸ್ತ್ರಿಯ ಮಾತು ಮೀರಲಾಗದವನ ಬಾಳು ಚೋಮನಿಗೆ ತೀರ ಅಪರಿಚಿತವೇನಲ್ಲ.

ವಲಸೆ ಕೂಲಿಗಾರರಿಗಾಗಿ 1979ರಲ್ಲಿ ಬಂದ ಕಾಯಿದೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಅನ್ವಯಿಸಿತು. ಗೋವೆಗೆ ಹೋದವನು ವಲಸೆಗಾರ; ಘಟ್ಟ ಇಳಿದು ಮಂಗಳೂರಿಗೆ ಹೋದ ಅವನ ತಮ್ಮ ಅಲ್ಲ! ಅದರ ಸ್ಥಾನಕ್ಕೆಂದು ರಚಿತವಾದ 2020ರ ಸಂಹಿತೆಯಲ್ಲಿಯೂ ಆ ಗಡಿಗೆರೆ ಅಳಿದಿಲ್ಲ. ಕಟ್ಟಡ ಕೂಲಿಗಾರರ 1996ರ ಕಾಯಿದೆ ನೆರವಿನ ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದಿರಬೇಕೆಂದಿತು. ಊರೂರು ತಿರುಗುವವನಿಗೆ ಆ ರುಜುವಾತು ಬರೆದುಕೊಡುವವರಾರು?

ದೋಷ ಬರಿಯ ಅಧಿಕಾರಿಗಳದಲ್ಲ. ಹೊಸದಾಗಿ ಸ್ವತಂತ್ರವಾದ ಹಲವು ದೇಶಗಳು ಕಾರ್ಖಾನೆಯ ಕೆಲಸಗಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಕಾಯಿದೆ ಬರೆದವು. ಅವನಿಗೆ ಹಾಜರಿ ಪುಸ್ತಕವಿದೆ, ಸಂಘವಿದೆ. ಹೊಲದಲ್ಲಿ, ಕಟ್ಟಡದಲ್ಲಿ ದುಡಿಯುವ ಬಹುಪಾಲು ಜನ ಆ ಲೆಕ್ಕದ ಹೊರಗುಳಿದರು. ಅವರಿಗೆ ದೊರೆತ ಹೆಸರು ‘ಫಲಾನುಭವಿ’. ಸವಲತ್ತು ಹಂಚುವುದು ಸರಕಾರಗಳಿಗೆ ಸುಲಭ, ಓಟಿಗೂ ಅನುಕೂಲ; ಹಕ್ಕನ್ನು ಒಪ್ಪಿದರೆ ನೆಲದ ಒಡೆಯರನ್ನೂ ಗುತ್ತೇದಾರರನ್ನೂ ಎದುರಿಸಬೇಕಾಗುತ್ತದೆ.

ಇಷ್ಟನ್ನು ಕಾಣಿಸಿದ ಕಾದಂಬರಿಯ ಮೇಲೆ ನನ್ನದೊಂದು ತಕರಾರೂ ಇದೆ. ಸಾಲ ತೀರಿಸಿದವಳು ಬೆಳ್ಳಿ. ಕೊನೆಯ ಮರುಕವೆಲ್ಲ ಸಲ್ಲುವುದು ಚೋಮನಿಗೆ. ತಂದೆಯ ಸಿಟ್ಟಿಗೆ ಗುರಿಯಾಗಿ ಮನೆಬಿಟ್ಟ ಅವಳ ಮನಸ್ಸಿನೊಳಗೆ ಕಾದಂಬರಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ದುಡಿಯ ಸದ್ದಿನಲ್ಲಿ ಅವಳ ದನಿ ಮುಳುಗಿಹೋಗಿದೆ. ಕಾಯಿದೆಗಳು ಚೋಮನಿಗೆ ಮಾಡಿದ್ದನ್ನೇ ಕಾದಂಬರಿ ಬೆಳ್ಳಿಗೆ ಒಂದಿಷ್ಟು ಮಾಡಿದೆ ಎನ್ನದೆ ವಿಧಿಯಿಲ್ಲ.

ಆದರೂ ಆ ಹುಡುಗನ ಪ್ರಶ್ನೆಗೆ ನಾನು ಹೌದೆಂದೇ ಉತ್ತರ ಕೊಟ್ಟೆ. ದುಡಿ ಎಂದರೆ ವಾದ್ಯವೆಂದು ಪರೀಕ್ಷೆಯಲ್ಲಿ ಬರೆಯಲು ಹೇಳಿ, ಅವನ ಅರ್ಥವನ್ನೂ ಮರೆಯಬೇಡವೆಂದೆ. ಮಂಗಳೂರಿನಲ್ಲಿರುವ ಅವನ ಅವ್ವನ ಕಥೆಯನ್ನು ಬರೆಯಬೇಕಾದವನು ಅವನೇ ಅಲ್ಲವೇ?