ಓದದೆಯೇ ಸೋಲಿಸಿದ ವರದಿ

2014ರ ಜುಲೈ 30ರ ಬೆಳಗ್ಗೆ ಪುಣೆ ಜಿಲ್ಲೆಯ ಆಂಬೇಗಾಂವ್ ತಾಲ್ಲೂಕಿನ ಮಾಳೀಣ್ ಗ್ರಾಮದ ಮೇಲೆ ಗುಡ್ಡ ಕುಸಿಯಿತು. 150ಕ್ಕೂ ಹೆಚ್ಚು ಜನ ಸತ್ತರು. ಸರಿಯಾಗಿ ಹತ್ತು ವರ್ಷಗಳ ನಂತರ, 2024ರ ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಕೊಚ್ಚಿಹೋದವು. ಎರಡರ ನಡುವೆ 2018ರ ಆಗಸ್ಟ್‌ನಲ್ಲಿ ಕೊಡಗು ಕುಸಿದಿತ್ತು. ಇಂಥ ಸಾವುನೋವಿನ ವಾರಗಳಲ್ಲೆಲ್ಲ ‘ಗಾಡ್ಗೀಳ್ ಅಂದೇ ಎಚ್ಚರಿಸಿದ್ದರು’ ಎಂಬ ಮಾತು ಕೇಳಿಬರುತ್ತದೆ. ಮಳೆ ನಿಂತು ಒಂದೆರಡು ತಿಂಗಳು ಕಳೆದರೆ ಪಶ್ಚಿಮ ಘಟ್ಟದ ಬಗ್ಗೆ ಅವರು ಕೊಟ್ಟ ಅದೇ ವರದಿ ಮತ್ತೆ ‘ಅವೈಜ್ಞಾನಿಕ’, ‘ಜನವಿರೋಧಿ’ ಆಗುತ್ತದೆ. ಹೊಗಳುವವರೂ ಬೈಯುವವರೂ ಒಂದು ವಿಷಯದಲ್ಲಿ ಮಾತ್ರ ಸಮಾನರು: ವರದಿಯನ್ನು ಓದಿದವರು ಎರಡೂ ಕಡೆ ವಿರಳ.

ಮಾಧವ ಗಾಡ್ಗೀಳ್ 1942ರಲ್ಲಿ ಪುಣೆಯಲ್ಲಿ ಹುಟ್ಟಿದವರು. ತಂದೆ ಧನಂಜಯರಾವ್ ಗಾಡ್ಗೀಳ್ ಪುಣೆಯ ಗೋಖಲೆ ಅರ್ಥಶಾಸ್ತ್ರ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಅರ್ಥಶಾಸ್ತ್ರಜ್ಞ. ಹಾರ್ವರ್ಡ್‌ನಿಂದ ಮರಳಿದ ಮಗ ಪಶ್ಚಿಮ ಮಹಾರಾಷ್ಟ್ರದ ದೇವರಕಾಡುಗಳ ಬಗ್ಗೆ ವಿ.ಡಿ. ವರ್ತಕ್ ಅವರೊಂದಿಗೆ ಅಧ್ಯಯನ ನಡೆಸಿದರು. ನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೂರು ದಶಕ ದುಡಿದು, ಅಲ್ಲಿ ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟಿದರು. ಉತ್ತರ ಕನ್ನಡದ ಬಿದಿರು ಮೆಳೆಗಳಲ್ಲಿ, ಮೇದರ ಮನೆಗಳಲ್ಲಿ ತಿರುಗಿದರು. ಕಾಗದದ ಕಾರ್ಖಾನೆಗೆ ಪುಡಿಗಾಸಿಗೆ ಸಿಗುತ್ತಿದ್ದ ಬಿದಿರಿಗೆ ಬುಟ್ಟಿ ಹೆಣೆಯುವವರು ಅದೆಷ್ಟೋ ಪಟ್ಟು ಹೆಚ್ಚು ಬೆಲೆ ತೆರುತ್ತಿದ್ದರೆಂದು ಲೆಕ್ಕ ತೋರಿಸಿದವರು ಇವರು. ನಿವೃತ್ತಿಯ ಬಳಿಕ ಪುಣೆಗೆ ಮರಳಿ ನೆಲೆಸಿದರು. ‘ಕಾಡು ಗೊತ್ತಿಲ್ಲದ ಕೋಣೆಯ ವಿಜ್ಞಾನಿ’ ಎಂದು ಇವರನ್ನು ತಳ್ಳಿಹಾಕುವುದು ಸುಲಭವಿರಲಿಲ್ಲ. ಹಾಗಾಗಿ ಬೇರೆ ದಾರಿಗಳು ಬೇಕಾದವು.

ಮೊದಲ ದಾರಿ ಬಚ್ಚಿಡುವುದು. ಕೇಂದ್ರ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶ್ 2010ರ ಮಾರ್ಚ್‌ನಲ್ಲಿ ಗಾಡ್ಗೀಳ್ ಅಧ್ಯಕ್ಷತೆಯಲ್ಲಿ ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿಯನ್ನು ನೇಮಿಸಿದರು. ಆನೆಗಳ ಅಧ್ಯಯನಕ್ಕೆ ಹೆಸರಾದ ಆರ್. ಸುಕುಮಾರ್, ಕನ್ನಡಿಗರಿಗೆ ಕಾದಂಬರಿಕಾರರಾಗಿಯೂ ಗೊತ್ತಿರುವ ಕೆ.ಎನ್. ಗಣೇಶಯ್ಯ ಅದರಲ್ಲಿದ್ದರು. 2011ರ ಆಗಸ್ಟ್ ಕೊನೆಗೆ ವರದಿ ಸಚಿವಾಲಯದ ಕೈ ಸೇರಿತು. ಅಷ್ಟರಲ್ಲಿ ಸಚಿವರು ಬದಲಾಗಿದ್ದರು. ವರದಿ ಹೊರಬರಲಿಲ್ಲ. ಕೇರಳದ ನಾಗರಿಕರೊಬ್ಬರು ಮಾಹಿತಿ ಹಕ್ಕಿನಡಿ ಕೇಳಿದಾಗ ಕೊಡಲಾಗದೆಂದರು. ಕೇಂದ್ರ ಮಾಹಿತಿ ಆಯೋಗ ಕೊಡಿ ಎಂದಾಗ ಸಚಿವಾಲಯ ದೆಹಲಿ ಹೈಕೋರ್ಟಿಗೆ ಹೋಯಿತು. ಅಲ್ಲೂ ಸೋತ ಮೇಲೆ 2012ರ ಮೇ ತಿಂಗಳಲ್ಲಿ ವರದಿ ಬಯಲಿಗೆ ಬಂತು. ಸಚಿವಾಲಯ ಇದನ್ನು ವಿಧ್ಯುಕ್ತವಾಗಿ ಒಪ್ಪಿಲ್ಲ ಎಂಬ ಒಕ್ಕಣೆಯೂ ಜೊತೆಗಿತ್ತು. ಸರ್ಕಾರ ತಾನೇ ಬರೆಸಿದ ವರದಿಯನ್ನು ಜನರಿಂದ ಮುಚ್ಚಿಡಲು ನ್ಯಾಯಾಲಯದ ಮೆಟ್ಟಿಲೇರಿದರೆ, ಅದರಲ್ಲಿ ಏನೋ ಭಯಂಕರವಾದದ್ದು ಇದೆ ಎಂದು ಜನ ನಂಬಿದ್ದರಲ್ಲಿ ತಪ್ಪೇನು?

ಎರಡನೆಯ ದಾರಿ, ಬರೆಯದೇ ಇದ್ದುದನ್ನು ಬರೆದಿದೆ ಎನ್ನುವುದು. ಮಲೆನಾಡಿನಲ್ಲಿ ‘ಊರು ಖಾಲಿ ಮಾಡಿಸುತ್ತಾರೆ’ ಎಂಬ ಸುದ್ದಿ ಹಬ್ಬಿತು. ಸಾಗುವಳಿ ನಿಲ್ಲುತ್ತದೆ, ದನ ಸಾಕುವಂತಿಲ್ಲ, ಮನೆ ಕಟ್ಟುವಂತಿಲ್ಲ ಎಂದೆಲ್ಲ ಮಾತು ಬೆಳೆಯಿತು. ವರದಿಯಲ್ಲಿ ಒಕ್ಕಲೆಬ್ಬಿಸುವ ಸಲಹೆ ಎಲ್ಲೂ ಇಲ್ಲ. ಅದು ಘಟ್ಟವನ್ನು ಮೂರು ಸೂಕ್ಷ್ಮ ವಲಯಗಳಾಗಿ ವಿಂಗಡಿಸಿ, ಅತಿ ಸೂಕ್ಷ್ಮ ವಲಯದಲ್ಲಿ ಹೊಸ ಗಣಿ, ದೊಡ್ಡ ಅಣೆಕಟ್ಟು, ಮಾಲಿನ್ಯಕಾರಿ ಕೈಗಾರಿಕೆ ಬೇಡ ಎನ್ನುತ್ತದೆ. ಸಾರ್ವಜನಿಕ ಭೂಮಿ ಖಾಸಗಿಯವರ ಪಾಲಾಗಬಾರದು, ಹೊಸ ಗಿರಿಧಾಮಗಳು ಏಳಬಾರದು ಎನ್ನುತ್ತದೆ. ರಾಸಾಯನಿಕ ಕೀಟನಾಶಕಗಳನ್ನು ಹಂತಹಂತವಾಗಿ ಬಿಡಬೇಕು, ಹಾಗೆ ಬಿಡುವ ರೈತರಿಗೆ ಸರ್ಕಾರ ನೆರವಾಗಬೇಕು ಎನ್ನುತ್ತದೆ. ಸಕಲೇಶಪುರ ಸೀಮೆಯ ಗುಂಡ್ಯ ಮತ್ತು ಕೇರಳದ ಅದಿರಪ್ಪಿಳ್ಳಿ ಜಲವಿದ್ಯುತ್ ಯೋಜನೆಗಳಿಗೆ ಅನುಮತಿ ಬೇಡ ಎಂದು ಸ್ಪಷ್ಟವಾಗಿ ಹೇಳುತ್ತದೆ. ಇದರಿಂದ ನಷ್ಟವಾಗುವುದು ಯಾರಿಗೆ ಎಂದು ಯಾರು ಬೇಕಾದರೂ ಊಹಿಸಬಹುದು. ಆದರೆ ಬೀದಿಗಿಳಿದವನು ಎರಡೆಕರೆ ಅಡಿಕೆ, ಏಲಕ್ಕಿ ಬೆಳೆಯುವ ರೈತ. ಗಣಿ ಮತ್ತು ಕ್ವಾರಿ ಮಾಲೀಕರ ಭಯ ರೈತನ ಬಾಯಲ್ಲಿ ಮಾತಾಡಿತು.

ಮೂರನೆಯ ದಾರಿ, ಪರವಾಗಿ ನಿಂತವನನ್ನು ಹಣಿಯುವುದು. ಇಡುಕ್ಕಿಯ ಸಂಸದರಾಗಿದ್ದ ಕಾಂಗ್ರೆಸ್ಸಿನ ಪಿ.ಟಿ. ಥಾಮಸ್ ವರದಿಯನ್ನು ಬೆಂಬಲಿಸಿದರು. ಅವರ ಅಣಕು ಶವಯಾತ್ರೆ ನಡೆಯಿತು. 2014ರ ಲೋಕಸಭಾ ಚುನಾವಣೆಯಲ್ಲಿ ಅವರಿಗೆ ಟಿಕೆಟ್ ಸಿಗಲಿಲ್ಲ. ವರದಿಯನ್ನು ವಿರೋಧಿಸಿದ ಚಳವಳಿಯ ಅಭ್ಯರ್ಥಿ ಅಲ್ಲಿ ಗೆದ್ದರು. ಘಟ್ಟದ ಉದ್ದಕ್ಕೂ ಎಲ್ಲ ಪಕ್ಷಗಳ ರಾಜಕಾರಣಿಗಳಿಗೂ ಈ ಪಾಠ ಮುಟ್ಟಿತು.

ನಾಲ್ಕನೆಯದು ಹೆಚ್ಚು ಸಭ್ಯವಾದ ದಾರಿ: ವರದಿಯ ಮೇಲೆ ಇನ್ನೊಂದು ವರದಿ. ಬಾಹ್ಯಾಕಾಶ ವಿಜ್ಞಾನಿ ಕೆ. ಕಸ್ತೂರಿರಂಗನ್ ನೇತೃತ್ವದ ಕಾರ್ಯಪಡೆ 2012ರ ಆಗಸ್ಟ್‌ನಲ್ಲಿ ರಚನೆಯಾಗಿ 2013ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಉಪಗ್ರಹ ಚಿತ್ರಗಳ ಆಧಾರದಲ್ಲಿ ಘಟ್ಟವನ್ನು ‘ಸಹಜ’ ಮತ್ತು ‘ಸಾಂಸ್ಕೃತಿಕ’ ಭೂದೃಶ್ಯಗಳೆಂದು ಬೇರ್ಪಡಿಸಿ, ಸುಮಾರು ಶೇ 37ರಷ್ಟನ್ನು ಸೂಕ್ಷ್ಮ ಪ್ರದೇಶವೆಂದಿತು. ಈ ವರದಿಯ ಒಂದು ಗುಣವನ್ನು ಒಪ್ಪಬೇಕು. ಅದರ ಘಟಕ ಗ್ರಾಮ. ಗಾಡ್ಗೀಳ್ ಸಮಿತಿಯದು ತಾಲ್ಲೂಕು. ಆದರೆ ಕಾಡು ಬೇರೆ, ತೋಟ ಬೇರೆ ಎಂಬ ವಿಂಗಡಣೆ ಸೊಪ್ಪಿನಬೆಟ್ಟ, ಕಾನು, ಹಾಡಿ, ದೇವರಕಾಡುಗಳ ನಡುವೆ ಬದುಕುವ ಮಲೆನಾಡಿಗರ ಅನುಭವಕ್ಕೆ ದೂರ. ಗದ್ದೆಗೆ ಇಳಿಯುವ ನೀರು ಕಾನಿನಲ್ಲಿ ಹುಟ್ಟುತ್ತದೆ ಎಂಬುದು ಉಪಗ್ರಹಕ್ಕೆ ಕಾಣದಿದ್ದರೂ ಬೇಸಾಯಗಾರನಿಗೆ ಗೊತ್ತು. ಆರ್ಥಿಕ ನಿರ್ಧಾರಗಳಲ್ಲಿ ಸ್ಥಳೀಯರಿಗೆ ಪಾತ್ರವಿಲ್ಲ ಎಂಬ ಧೋರಣೆ ಕಸ್ತೂರಿರಂಗನ್ ವರದಿಯಲ್ಲಿದೆ ಎಂದು ಗಾಡ್ಗೀಳ್ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು.

ಈಗ ಗಾಡ್ಗೀಳ್ ವರದಿಯನ್ನೂ ತೂಗಿ ನೋಡಬೇಕು. ಅದರ ದೋಷಗಳು ಸಣ್ಣವಲ್ಲ. ಇಡೀ ತಾಲ್ಲೂಕನ್ನು ಒಂದೇ ವಲಯಕ್ಕೆ ಸೇರಿಸಿದ್ದು ಒರಟು ಕ್ರಮ. ಅದೇ ತಾಲ್ಲೂಕಿನ ಪೇಟೆ, ಬಯಲು, ಗುಡ್ಡ ಎಲ್ಲಕ್ಕೂ ಒಂದೇ ಬಣ್ಣ ಬಳಿದಂತಾಯಿತು. ಇವು ತಾತ್ಕಾಲಿಕ ಗಡಿಗಳು, ಅಂತಿಮ ಗೆರೆಯನ್ನು ಗ್ರಾಮಸಭೆಗಳು ಎಳೆಯಬೇಕು ಎಂದು ಸಮಿತಿ ಹೇಳಿತ್ತು ನಿಜ. ಆದರೆ ಐನೂರು ಪುಟ ಮೀರಿದ ಇಂಗ್ಲಿಷ್ ವರದಿಯಲ್ಲಿ ಆ ಮಾತನ್ನು ಹುಡುಕಿ ಓದುವವರು ಯಾರು? ಗ್ರಾಮಸಭೆಯೇ ತೀರ್ಮಾನಿಸಲಿ ಎನ್ನುವ ವರದಿ ಗ್ರಾಮಸಭೆಯ ಭಾಷೆಗಳಲ್ಲೇ ಮೊದಲು ಬರಬೇಕಿತ್ತು. ಮಹಾರಾಷ್ಟ್ರ ಸರ್ಕಾರ ಪ್ರಕಟಿಸಿದ ಮರಾಠಿ ಸಾರಾಂಶ ಮೂಲವನ್ನು ತಿರುಚಿದೆ ಎಂದು ಗಾಡ್ಗೀಳ್ ದೂರಿದ್ದರು. ಆದರೆ ಅನುವಾದವನ್ನು ಸರ್ಕಾರಗಳ ಮರ್ಜಿಗೆ ಬಿಟ್ಟದ್ದು ಸಮಿತಿಯ ದೊಡ್ಡ ಲೋಪ.

ಇನ್ನೊಂದು ಲೋಪ ಇದಕ್ಕಿಂತ ಆಳದ್ದು. ಮಲೆನಾಡಿಗರ ಭಯ ಪೂರ್ತಿ ಕಟ್ಟುಕಥೆಯಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿನ ಕುಟುಂಬಗಳು ಒಕ್ಕಲೆಬ್ಬಿಸುವ ಆತಂಕವನ್ನು ವರ್ಷಗಟ್ಟಲೆ ಉಂಡಿವೆ. ಬಗರ್‌ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೂ ಅರಣ್ಯ ಕಚೇರಿಗೂ ಅಲೆದವನಿಗೆ ‘ಸೂಕ್ಷ್ಮ ವಲಯ’ ಎಂದರೆ ಗಾರ್ಡು, ನೋಟಿಸು, ಕೇಸು. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಮನಸ್ಸಿಟ್ಟು ಜಾರಿ ಮಾಡಿ ಎಂದು ವರದಿ ಒತ್ತಾಯಿಸುತ್ತದೆ, ಅರಣ್ಯ ಇಲಾಖೆಯ ದರ್ಪವನ್ನು ಟೀಕಿಸುತ್ತದೆ. ಆದರೂ ಜಾರಿಯ ಹೊಣೆ ಕೊನೆಗೆ ಅದೇ ಇಲಾಖೆಗಳ ಕೈಗೆ ಬೀಳುತ್ತದೆ ಎಂಬ ಅನುಮಾನಕ್ಕೆ ಅದರಲ್ಲಿ ಮನವರಿಕೆಯಾಗುವ ಉತ್ತರವಿಲ್ಲ. ಅಪಪ್ರಚಾರದ ಬೀಜ ಮೊಳೆತದ್ದು ಈ ಹಳೆಯ ಗಾಯದಲ್ಲಿ.

ಇಷ್ಟಾದರೂ ವರದಿಯ ನಡುತೊಲೆ ಗಟ್ಟಿಯಾಗಿದೆ: ಏನನ್ನು ಉಳಿಸಬೇಕು, ಏನನ್ನು ಬೆಳೆಸಬೇಕು ಎಂಬುದನ್ನು ಅಲ್ಲಿ ಬಾಳುವವರೇ ತೀರ್ಮಾನಿಸಬೇಕು. ಇದು ಕೇವಲ ಆಶಯವಲ್ಲ. ಗಣಿಗಾರಿಕೆಯ ಭಯದಲ್ಲಿದ್ದ ಸಿಂಧುದುರ್ಗ ಜಿಲ್ಲೆಯ ಹಲವು ಗ್ರಾಮಗಳು ತಮ್ಮ ಊರನ್ನು ಸೂಕ್ಷ್ಮ ಪ್ರದೇಶವೆಂದು ಘೋಷಿಸಿ ಎಂದು ತಾವೇ ನಿರ್ಣಯ ಮಾಡಿ ಕೇಳಿದ್ದವು. ಪುಣೆಯ ಪಕ್ಕದ ಮುಳಶಿ ತಾಲ್ಲೂಕಿನಲ್ಲಿ ಗುಡ್ಡಗಳನ್ನು ಕಡಿದು ಎಬ್ಬಿಸಿದ ಲವಾಸಾ ನಗರ ಇದಕ್ಕೆ ವಿರುದ್ಧವಾದ ಮಾದರಿ: ಮೇಲಿನಿಂದ ಬಂದ ಯೋಜನೆ, ಪರಿಸರ ಅನುಮತಿಯ ವಿವಾದ, ಸಾಲ, ಕೊನೆಗೆ ದಿವಾಳಿ ಪ್ರಕ್ರಿಯೆ. ‘ಅಭಿವೃದ್ಧಿವಿರೋಧಿ’ ಎಂಬ ಹಣೆಪಟ್ಟಿ ಮಾತ್ರ ವರದಿಗೆ ಅಂಟಿತು, ಲವಾಸಾಕ್ಕೆ ಅಂಟಲಿಲ್ಲ.

ಹಾಗಾಗಿ ದುರಂತದ ನಂತರದ ಹೊಗಳಿಕೆಯನ್ನೂ ಅನುಮಾನದಿಂದಲೇ ನೋಡಬೇಕು. ಗಾಡ್ಗೀಳರನ್ನು ಭವಿಷ್ಯ ನುಡಿದ ಋಷಿಯಾಗಿಸುವುದು ವರದಿಯನ್ನು ತಳ್ಳಿಹಾಕುವ ಐದನೆಯ ದಾರಿ. ಭವಿಷ್ಯವಾಣಿ ನಿಜವಾಯಿತೆಂದು ಬೆರಗಾಗಿ ಸುಮ್ಮನಾಗಬಹುದು. ಶಿಫಾರಸನ್ನಾದರೆ ಜಾರಿ ಮಾಡಬೇಕಾಗುತ್ತದೆ. ಪ್ರತಿಯೊಂದು ಭೂಕುಸಿತಕ್ಕೂ ವರದಿಯ ತಿರಸ್ಕಾರವೇ ಕಾರಣ ಎನ್ನುವುದು ಅತಿಮಾತು. ಕೆಲವು ಗಂಟೆಗಳಲ್ಲಿ ಸುರಿಯುವ ಅಸಾಧಾರಣ ಮಳೆಗೂ ಅದರಲ್ಲಿ ಪಾಲಿದೆ. ಇಳಿಜಾರಿನಲ್ಲಿ ಏನು ಕಟ್ಟುತ್ತೇವೆ, ಎಲ್ಲಿ ಬಗೆಯುತ್ತೇವೆ ಎಂಬುದಷ್ಟೇ ನಮ್ಮ ಕೈಯಲ್ಲಿದೆ. ವರದಿ ಮಾತಾಡುವುದೂ ಅದನ್ನೇ.

ವಯನಾಡಿನ ದುರಂತದ ಮರುದಿನವೇ, 2024ರ ಜುಲೈ 31ರಂದು, ಕೇಂದ್ರ ಸರ್ಕಾರ ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಆರನೆಯ ಕರಡು ಅಧಿಸೂಚನೆ ಹೊರಡಿಸಿತು. ಅದು ಕಸ್ತೂರಿರಂಗನ್ ವರದಿಯನ್ನು ಆಧರಿಸಿದ್ದು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿ ಸೇರಿತ್ತು. ಎರಡು ತಿಂಗಳೊಳಗೆ ಕರ್ನಾಟಕದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನೂ ತಿರಸ್ಕರಿಸಿತು. ಗಾಡ್ಗೀಳ್ ವರದಿ ಅತಿಯಾಯಿತು ಎಂಬ ಕಾರಣ ಕೊಟ್ಟು ತಂದ ಮೃದು ವರದಿಗೂ ಅದೇ ಗತಿ ಬಂತು. ತಕರಾರು ವರದಿಯ ಕಾಠಿಣ್ಯದ ಬಗ್ಗೆ ಇರಲೇ ಇಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಗಾಡ್ಗೀಳ್ ವರದಿ ಪರಿಪೂರ್ಣವಲ್ಲ, ಆದರೆ ವಾದದಲ್ಲಿ ಅದು ಸೋತಿಲ್ಲ. ಅದರೊಂದಿಗೆ ವಾದ ನಡೆದೇ ಇಲ್ಲ. ಘಟ್ಟದ ಪ್ರತಿ ಗ್ರಾಮ ಪಂಚಾಯಿತಿಗೂ ತನ್ನ ತಾಲ್ಲೂಕಿಗೆ ಸಂಬಂಧಿಸಿದ ಪುಟಗಳನ್ನು ಕನ್ನಡದಲ್ಲಿ ಕೊಟ್ಟು, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ಜನ ಹೇಳಿದ್ದನ್ನು ದಾಖಲಿಸಲಿ. ಆಮೇಲೂ ಊರವರು ಬೇಡ ಎಂದರೆ ಆ ತಿರಸ್ಕಾರಕ್ಕೆ ಬೆಲೆಯಿದೆ. ಅಲ್ಲಿಯವರೆಗೆ ವಿಧಾನಸೌಧದಿಂದ ಬರುವ ‘ಅವೈಜ್ಞಾನಿಕ’ ಎಂಬ ಷರಾವನ್ನು ಒಪ್ಪಬೇಕಾಗಿಲ್ಲ.